ಘಾಟ್ಕೋಪರ್ ವಿಮಾನ ದುರಂತ: ತನಿಖೆ ನಡೆಯುವುದು ಹೇಗೆ, ವರದಿಯನ್ನು ಓದುವುದು ಹೇಗೆ

2018ರ ಜೂನ್ 28, ಗುರುವಾರ. ಮುಂಬಯಿಯ ಮೇಲೆ ಮಳೆಗಾಲದ ಮೋಡ ಕವಿದಿತ್ತು. ಮಧ್ಯಾಹ್ನ ಒಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಜುಹು ವಿಮಾನ ನಿಲ್ದಾಣದಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿದ್ದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸಿ-90 ಎಂಬ ಅವಳಿ ಎಂಜಿನ್‌ನ ಸಣ್ಣ ವಿಮಾನ ಘಾಟ್ಕೋಪರ್ ಪಶ್ಚಿಮದ ಸರ್ವೋದಯ ನಗರದಲ್ಲಿ, ಕಟ್ಟಡ ಕಾಮಗಾರಿ ನಡೆಯುತ್ತಿದ್ದ ಜಾಗಕ್ಕೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ ಇಬ್ಬರು ಪೈಲಟ್‌ಗಳು ಮತ್ತು ವಿಮಾನ ನಿರ್ವಹಣಾ ವಿಭಾಗದ ಇಬ್ಬರು ಸಿಬ್ಬಂದಿ ಸತ್ತರು. ತನ್ನ ಪಾಡಿಗೆ ನಡೆದು ಹೋಗುತ್ತಿದ್ದ ಒಬ್ಬ ದಾರಿಹೋಕನೂ ಸತ್ತ. ಕಾಮಗಾರಿಯ ಕೂಲಿಕಾರರು ಊಟಕ್ಕೆ ಹೋಗಿದ್ದರಿಂದ ಇನ್ನಷ್ಟು ಜನ ಉಳಿದುಕೊಂಡರು ಎಂದು ಮರುದಿನದ ಪತ್ರಿಕೆಗಳು ಬರೆದವು.

ಘಾಟ್ಕೋಪರ್‌ನಿಂದ ಮುಲುಂಡ್‌ವರೆಗಿನ ಪಟ್ಟಿಯಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಹೋಟೆಲಿನವರು, ಬ್ಯಾಂಕಿನವರು, ಮುನಿಸಿಪಾಲಿಟಿ ಶಾಲೆಗಳಲ್ಲಿ ಕಲಿಸಿದವರು, ಕಲಿತವರು. ಅಂದು ಸಂಜೆಯ ಹೊತ್ತಿಗೆ ನಮ್ಮ ಮಾತುಕತೆಗಳಲ್ಲಿ ಎರಡು ಕಥೆಗಳು ಆಗಲೇ ಗಟ್ಟಿಯಾಗಿದ್ದವು. ಒಂದು, ಪೈಲಟ್‌ಗಳು ಜನವಸತಿಯನ್ನು ತಪ್ಪಿಸಲೆಂದೇ ಖಾಲಿ ಜಾಗ ಹುಡುಕಿ ವಿಮಾನವನ್ನು ಅಲ್ಲಿ ಕೆಡವಿದರು. ಎರಡು, ವರ್ಷಗಟ್ಟಲೆ ಹಾರದೆ ನಿಂತಿದ್ದ ಹಳೆಯ ವಿಮಾನವನ್ನು ಮಾಲೀಕರು ಬಲವಂತವಾಗಿ ಹಾರಿಸಿದರು. ಮೊದಲನೆಯದರಲ್ಲಿ ವೀರರಿದ್ದಾರೆ, ಎರಡನೆಯದರಲ್ಲಿ ಖಳರಿದ್ದಾರೆ. ಬೆಂಕಿ ಆರುವ ಮೊದಲೇ ತೀರ್ಪು ಬಂದಾಗಿತ್ತು.

ವಿಮಾನ ಅಪಘಾತದ ತನಿಖೆ ಈ ಎರಡೂ ಕಥೆಗಳನ್ನು ಬದಿಗಿಟ್ಟು ಶುರುವಾಗುತ್ತದೆ. ಅದು ಹೇಗೆ ನಡೆಯುತ್ತದೆ, ಅದರ ಕೊನೆಯಲ್ಲಿ ಬರುವ ಕಾಗದದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ನಮಗೆ ತಿಳಿದಿರಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ಒಂದು ತಿಂಗಳಿಗೆ ಪ್ರಾಥಮಿಕ ವರದಿ ಹೊರಬಂದಾಗ ಟಿವಿ ಚರ್ಚೆಗಳಲ್ಲಿ ನಡೆದದ್ದನ್ನು ನೋಡಿದ ಮೇಲೆ ನನಗೆ ಇದು ಇನ್ನಷ್ಟು ಅಗತ್ಯ ಎನಿಸಿದೆ. ಕಾರಣವನ್ನು ಹೇಳುವ ಉದ್ದೇಶವೇ ಇಲ್ಲದ ವರದಿಯಿಂದ ಕಾರಣವನ್ನು ಹಿಂಡಿ ತೆಗೆಯುವ ಆತುರ, ಸತ್ತವರ ಮನೆಯವರಿಗೆ ಎಷ್ಟು ನೋವು ಕೊಡುತ್ತದೆ ಎಂದು ಯಾರೂ ನಿಂತು ಯೋಚಿಸಲಿಲ್ಲ.

ಮೊದಲಿಗೆ, ತನಿಖೆ ಮಾಡುವವರು ಯಾರು? ಭಾರತದಲ್ಲಿ ಈ ಕೆಲಸ ವಿಮಾನ ಅಪಘಾತ ತನಿಖಾ ಬ್ಯೂರೋದ್ದು. ಎಎಐಬಿ ಎಂಬ ಅದರ ಇಂಗ್ಲಿಷ್ ಕಿರುಹೆಸರೇ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ. ಅದು ಹುಟ್ಟಿದ್ದು 2012ರಲ್ಲಿ. ಅದಕ್ಕೂ ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತಾನೇ ತನಿಖೆ ಮಾಡುತ್ತಿತ್ತು. ಇದರಲ್ಲಿ ಒಂದು ತೊಡಕಿತ್ತು. ಪೈಲಟ್‌ಗೆ ಲೈಸೆನ್ಸ್ ಕೊಡುವುದು, ವಿಮಾನಕ್ಕೆ ಹಾರಾಟಯೋಗ್ಯತೆಯ ಪ್ರಮಾಣಪತ್ರ ಕೊಡುವುದು, ಕಂಪನಿಗಳ ಮೇಲೆ ಕಣ್ಣಿಡುವುದು, ಎಲ್ಲವೂ ಡಿಜಿಸಿಎ ಕೆಲಸವೇ. ಅಪಘಾತದಲ್ಲಿ ನಿಗಾ ತಪ್ಪಿದ್ದರೆ ಅದು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತಿತ್ತು. ತನಿಖೆಯನ್ನು ಬೇರೆ ಸಂಸ್ಥೆಗೆ ವಹಿಸಿದ್ದು ಈ ಕಾರಣಕ್ಕೆ. ಆದರೂ ಎರಡೂ ಸಂಸ್ಥೆಗಳು ಒಂದೇ ಸಚಿವಾಲಯದ ಕೆಳಗಿವೆ ಎಂಬ ಟೀಕೆ ಉಳಿದಿದೆ. ಆ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

2,250 ಕಿಲೋ ತೂಕಕ್ಕೆ ಮೇಲ್ಪಟ್ಟ ವಿಮಾನಗಳ ಅಪಘಾತಗಳು ಮತ್ತು ಟರ್ಬೊಜೆಟ್ ವಿಮಾನಗಳ ಅಪಘಾತಗಳು ನೇರವಾಗಿ ಎಎಐಬಿಗೆ ಬರುತ್ತವೆ. ಕಿಂಗ್ ಏರ್ ಸಿ-90 ಪೂರ್ಣ ಭಾರದಲ್ಲಿ ನಾಲ್ಕು ಸಾವಿರ ಕಿಲೋ ದಾಟುತ್ತದೆ. ಪುಣೆ ಜಿಲ್ಲೆಯ ಬಾರಾಮತಿಯ ಹಾರಾಟ ತರಬೇತಿ ಶಾಲೆಗಳ ಸೆಸ್ನಾ 152 ಇದಕ್ಕಿಂತ ಎಷ್ಟೋ ಹಗುರ, ಎಂಟುನೂರು ಕಿಲೋ ಒಳಗೆ. 2022ರ ಜುಲೈ 25ರಂದು ಅಂಥದೊಂದು ಸೆಸ್ನಾ ಇಂದಾಪುರ ತಾಲ್ಲೂಕಿನ ಕಡಬನವಾಡಿಯ ಹೊಲದಲ್ಲಿ ಬಿತ್ತು. ಒಬ್ಬಳೇ ಹಾರಿಸುತ್ತಿದ್ದ ಕಲಿಕೆಯ ಪೈಲಟ್ ಗಾಯಗೊಂಡು ಬದುಕಿದಳು. ಅಪಘಾತದಲ್ಲಿ ಬದುಕಿ ಉಳಿದವರಿದ್ದರೆ ತನಿಖೆಗೆ ಅರ್ಧ ದಾರಿ ಸವೆದಂತೆ. ಘಾಟ್ಕೋಪರ್‌ನಲ್ಲಿ ಆ ಭಾಗ್ಯ ಇರಲಿಲ್ಲ.

ತನಿಖೆಗೆ ದೇಶದ ಗಡಿಯೂ ಅಡ್ಡ ಬರುವುದಿಲ್ಲ. 1944ರ ಶಿಕಾಗೊ ಒಪ್ಪಂದದ ಹದಿಮೂರನೆಯ ಅನುಬಂಧದ ಪ್ರಕಾರ, ವಿಮಾನವನ್ನು ವಿನ್ಯಾಸ ಮಾಡಿದ, ತಯಾರಿಸಿದ ದೇಶಗಳು ತಮ್ಮ ಪ್ರತಿನಿಧಿಗಳನ್ನು ಕಳಿಸಬಹುದು. ಬೀಚ್‌ಕ್ರಾಫ್ಟ್ ಅಮೆರಿಕದ್ದು, ಅದರ ಪಿಟಿ6 ಎಂಜಿನ್ ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿಯದು. ಹೀಗಾಗಿ ಘಾಟ್ಕೋಪರ್‌ನಲ್ಲಿ ಬಿದ್ದ ವಿಮಾನದ ತನಿಖೆಯಲ್ಲಿ ಎರಡು ಹೊರ ದೇಶಗಳ ಪರಿಣತರಿಗೂ ಪಾಲಿರುತ್ತದೆ. ಇದೇ ಅನುಬಂಧ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಯಾರ ಮೇಲೆ ತಪ್ಪು ಹೊರಿಸಬೇಕು ಎಂದು ನಿರ್ಧರಿಸುವುದಲ್ಲ. ಎಎಐಬಿಯ ಪ್ರತಿ ವರದಿಯ ಆರಂಭದಲ್ಲಿ ಈ ಆಶಯದ ಸಾಲುಗಳಿರುತ್ತವೆ. ಜನ ಅದನ್ನು ಓದದೆ ಪುಟ ತಿರುಗಿಸುತ್ತಾರೆ.

ಸಣ್ಣ ವಿಮಾನಗಳ ತನಿಖೆ ದೊಡ್ಡ ವಿಮಾನಗಳದ್ದಕ್ಕಿಂತ ಸುಲಭ ಎಂದು ಅನಿಸಬಹುದು. ವಾಸ್ತವ ಬಹುಪಾಲು ತದ್ವಿರುದ್ಧ. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಎರಡು ಮುದ್ರಕಗಳಿರುತ್ತವೆ, ಬ್ಲ್ಯಾಕ್ ಬಾಕ್ಸ್ ಎಂದು ಕರೆಯುವುದು ಇವನ್ನೇ. ಒಂದು ಕಾಕ್‌ಪಿಟ್‌ನ ಮಾತು ಮತ್ತು ಸದ್ದುಗಳನ್ನು ಹಿಡಿದಿಡುತ್ತದೆ. ಇನ್ನೊಂದು ಎತ್ತರ, ವೇಗ, ದಿಕ್ಕು, ಎಂಜಿನ್‌ನ ಸ್ಥಿತಿ ಹೀಗೆ ನೂರಾರು ವಿವರಗಳನ್ನು ಬರೆದಿಡುತ್ತದೆ. ಸಣ್ಣ ವಿಮಾನಗಳಲ್ಲಿ ಈ ಎರಡನೆಯದು ಹೆಚ್ಚಾಗಿ ಇರುವುದೇ ಇಲ್ಲ, ತರಬೇತಿ ವಿಮಾನಗಳಲ್ಲಿ ಎರಡೂ ಇರುವುದಿಲ್ಲ. ಘಾಟ್ಕೋಪರ್‌ನಲ್ಲಿ ಬ್ಲ್ಯಾಕ್ ಬಾಕ್ಸ್ ಸಿಕ್ಕಿತು ಎಂದು ಅಂದೇ ಸುದ್ದಿಯಾಯಿತು. ಬ್ಲ್ಯಾಕ್ ಬಾಕ್ಸ್ ಸಿಕ್ಕಿದ ಮಾತ್ರಕ್ಕೆ ಎಲ್ಲವೂ ತಿಳಿದಂತಲ್ಲ. ಸದ್ದನ್ನು ಕೇಳಬಹುದು, ಆದರೆ ಆ ಕ್ಷಣ ಪೈಲಟ್‌ನ ಕಣ್ಣು ಯಾವ ಮೀಟರಿನ ಮೇಲಿತ್ತು ಎಂದು ಯಾವ ಯಂತ್ರವೂ ಬರೆದಿಟ್ಟಿರುವುದಿಲ್ಲ.

ಮುದ್ರಕ ಹೇಳದೆ ಬಿಟ್ಟದ್ದನ್ನು ಅವಶೇಷ ಹೇಳಬೇಕು. ಸ್ಥಳಕ್ಕೆ ಬಂದ ತನಿಖಾಧಿಕಾರಿ ಮೊದಲು ನೋಡುವುದು ವಿಮಾನದ ನಾಲ್ಕು ತುದಿಗಳನ್ನು: ಮೂತಿ, ಬಾಲ, ಎರಡು ರೆಕ್ಕೆಗಳ ಕೊನೆ. ನಾಲ್ಕೂ ಒಂದೇ ಜಾಗದಲ್ಲಿ ಸಿಕ್ಕರೆ ವಿಮಾನ ಗಾಳಿಯಲ್ಲಿ ಮುರಿದು ಚದುರಿಲ್ಲ ಎಂದು ಅರ್ಥ. ಒಂದು ರೆಕ್ಕೆಯ ತುದಿ ಎರಡು ಕಿಲೋಮೀಟರ್ ದೂರದಲ್ಲಿ ಸಿಕ್ಕರೆ ಕಥೆಯೇ ಬೇರೆ. ಆಮೇಲೆ ನೆಲದ ಗುರುತುಗಳು. ಉದ್ದಕ್ಕೆ ಉಜ್ಜಿದ ಗೀರಿದ್ದರೆ ವಿಮಾನ ಮುಂದಕ್ಕೆ ವೇಗವಾಗಿ ಹೋಗುತ್ತಾ ಓರೆಯಾಗಿ ಇಳಿದಿದೆ. ಗೀರೇ ಇಲ್ಲದೆ ಒಂದೇ ಗುಂಡಿಯಲ್ಲಿ ಎಲ್ಲವೂ ಕುಸಿದು ಬಿದ್ದಿದ್ದರೆ ಅದು ಕಡಿದಾಗಿ ಬಿದ್ದಿದೆ.

ಪ್ರೊಪೆಲ್ಲರ್‌ಗಳು ಬಹಳ ಮಾತಾಡುತ್ತವೆ. ಎಂಜಿನ್ ಶಕ್ತಿ ಕೊಡುತ್ತಿರುವಾಗ ನೆಲಕ್ಕೆ ಬಡಿದರೆ ಅಲಗುಗಳ ತುದಿ ಮುಂದಕ್ಕೆ ಬಾಗಿ ತಿರುಚಿಕೊಳ್ಳುತ್ತದೆ, ಅಲಗಿನ ಅಡ್ಡಕ್ಕೆ ಗೀರುಗಳು ಮೂಡುತ್ತವೆ. ನಿಂತ ಪ್ರೊಪೆಲ್ಲರ್ ಬಡಿದರೆ ಅಲಗು ಸುಮ್ಮನೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅವಳಿ ಎಂಜಿನ್ ವಿಮಾನದಲ್ಲಿ ಎರಡೂ ಕಡೆಯ ಅಲಗುಗಳನ್ನು ಹೋಲಿಸಿದರೆ ಒಂದು ಎಂಜಿನ್ ಮೊದಲೇ ಕೈಕೊಟ್ಟಿತ್ತೇ ಎಂದು ಊಹಿಸಬಹುದು. ಟರ್ಬೈನ್ ಒಳಗೆ ತಿರುಗುವ ತಟ್ಟೆಯೂ ಅದರ ಕವಚವೂ ಉಜ್ಜಿಕೊಂಡ ಗುರುತು ಇದನ್ನು ಇನ್ನಷ್ಟು ಖಚಿತಪಡಿಸುತ್ತದೆ.

ಜುಹುವಿನ ಹ್ಯಾಂಗರ್ ಒಂದರಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ, ಕುಂದಾಪುರದ ಕಡೆಯವರು. ಅವರು ಎಚ್ಚರಿಕೆ ದೀಪದ ಒಂದು ಸಣ್ಣ ಬಲ್ಬನ್ನು ಅಂಗೈಯಲ್ಲಿಟ್ಟು ತೋರಿಸಿದ್ದು ಇಂದಿಗೂ ನನಗೆ ನೆನಪಿದೆ. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಗಾಜು, ಒಳಗೆ ಕೂದಲೆಳೆಯಂಥ ತಂತಿ. "ನೋಡಿ, ಬೀಳುವ ಹೊತ್ತಿಗೆ ಇದು ಉರಿಯುತ್ತಿದ್ದರೆ ತಂತಿ ಬಿಸಿಯಾಗಿ ಮೆತ್ತಗಿರುತ್ತದೆ. ಪೆಟ್ಟಿಗೆ ಅದು ಎಳೆದು ಉದ್ದವಾಗುತ್ತದೆ. ಆರಿದ್ದರೆ ತಂತಿ ಗಡಸಾಗಿರುತ್ತದೆ, ಹಾಗೇ ಉಳಿಯುತ್ತದೆ ಇಲ್ಲವೇ ಪಟ್ಟನೆ ತುಂಡಾಗುತ್ತದೆ" ಎಂದರು. ಇಡೀ ವಿಮಾನ ಚಿಂದಿಯಾಗಿದ್ದರೂ ಈ ಎಳೆಯೊಂದನ್ನು ಭೂತಗನ್ನಡಿಯ ಕೆಳಗಿಟ್ಟು, ಕೊನೆಯ ಕ್ಷಣದಲ್ಲಿ ಆ ಎಚ್ಚರಿಕೆ ದೀಪ ಹೊತ್ತಿತ್ತೇ ಎಂದು ಹೇಳಬಹುದು. ಮೀಟರುಗಳ ಮುಳ್ಳೂ ಹೀಗೆಯೇ. ಪೆಟ್ಟಿನ ರಭಸಕ್ಕೆ ಮುಳ್ಳು ತಟ್ಟೆಗೆ ತಾಗಿ ತನ್ನ ಬಣ್ಣದ ಕಣಗಳನ್ನು ಅಲ್ಲಿ ಬಿಟ್ಟಿರುತ್ತದೆ. ಬರಿಗಣ್ಣಿಗೆ ಕಾಣದ ಆ ಕಲೆ ನೇರಳಾತೀತ ಬೆಳಕಿನಲ್ಲಿ ಕಾಣುತ್ತದೆ.

ಪ್ರತ್ಯಕ್ಷದರ್ಶಿಗಳ ಮಾತನ್ನೂ ತನಿಖಾಧಿಕಾರಿಗಳು ಬರೆದುಕೊಳ್ಳುತ್ತಾರೆ, ಆದರೆ ಅದನ್ನೇ ನೆಚ್ಚಿ ಕೂರುವುದಿಲ್ಲ. ಬಹುತೇಕ ಅಪಘಾತಗಳಲ್ಲಿ ಯಾರಾದರೂ ಒಬ್ಬರು "ಗಾಳಿಯಲ್ಲೇ ಬೆಂಕಿ ಹತ್ತಿತ್ತು" ಎಂದು ಹೇಳಿಯೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, ಒಂದು ಕಿಲೋಮೀಟರ್ ದೂರದಲ್ಲಿದ್ದವರಿಗೆ ಮೂರು ಸೆಕೆಂಡ್ ತಡವಾಗಿ ಕೇಳುತ್ತದೆ. ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಬೆಂಕಿಯ ಉಂಡೆ ಎದ್ದಿರುತ್ತದೆ. ನೆನಪು ಆ ಎರಡನ್ನೂ ತನಗೆ ಸರಿಕಂಡ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಸತ್ಯ ಏನೆಂದು ತಿಳಿಯಲು ಲೋಹದ ಮೇಲಿನ ಮಸಿಯನ್ನು ನೋಡಬೇಕು. ಹಾರುವಾಗಲೇ ಬೆಂಕಿ ಹತ್ತಿದ್ದರೆ ಮಸಿ ಗಾಳಿಯ ಜೊತೆ ಬಾಲದ ಕಡೆಗೆ ಹರಿದಿರುತ್ತದೆ. ನೆಲದಲ್ಲಿ ಹತ್ತಿದ್ದರೆ ನೇರ ಮೇಲಕ್ಕೆ ಏರಿರುತ್ತದೆ.

ಇದರ ಜೊತೆಜೊತೆಗೆ ಕಾಗದದ ಕೆಲಸವೂ ನಡೆಯುತ್ತಿರುತ್ತದೆ. ನಿರ್ವಹಣೆಯ ದಾಖಲೆ ಪುಸ್ತಕಗಳು, ಯಾವ ಭಾಗವನ್ನು ಯಾವಾಗ ಬದಲಿಸಿದರು, ಯಾರು ಸಹಿ ಹಾಕಿದರು, ಪೈಲಟ್‌ಗಳ ಲೈಸೆನ್ಸ್, ವೈದ್ಯಕೀಯ ಪರೀಕ್ಷೆ, ಇದೇ ಮಾದರಿಯ ವಿಮಾನವನ್ನು ಇತ್ತೀಚೆಗೆ ಎಷ್ಟು ಗಂಟೆ ಹಾರಿಸಿದ್ದರು, ಇಂಧನ ತುಂಬಿದ ಲಾರಿಯಿಂದ ತೆಗೆದ ಮಾದರಿ, ವಾಯು ಸಂಚಾರ ನಿಯಂತ್ರಣ ಕೇಂದ್ರದ ಧ್ವನಿಮುದ್ರಣ, ರಾಡಾರ್ ಗುರುತುಗಳು, ಹವಾಮಾನ ವರದಿ. ಘಾಟ್ಕೋಪರ್ ವಿಮಾನಕ್ಕೆ ಕಾಗದದ ಚರಿತ್ರೆ ಉದ್ದವಿತ್ತು. ಅದು ಮೊದಲು ಉತ್ತರ ಪ್ರದೇಶ ಸರ್ಕಾರದ ವಿಮಾನ. ಅಲಹಾಬಾದಿನಲ್ಲಿ ಅಪಘಾತಕ್ಕೆ ಸಿಕ್ಕಿ ಮೂಲೆ ಸೇರಿದ ಮೇಲೆ ಖಾಸಗಿ ಸಂಸ್ಥೆಯೊಂದು ಅದನ್ನು ಕೊಂಡಿತು. ಜುಹುವಿನಲ್ಲಿ ದುರಸ್ತಿಯಾಗಿ ಮತ್ತೆ ಹಾರಲು ಯೋಗ್ಯವೇ ಎಂದು ನೋಡುವ ಹಾರಾಟ ಅದಾಗಿತ್ತು. ಹೀಗಾಗಿ ಯಂತ್ರವೇ ಕೈಕೊಟ್ಟಿರಬೇಕು ಎಂಬ ಗುಮಾನಿ ಎಲ್ಲರಿಗೂ ಸಹಜವಾಗಿತ್ತು.

ಆದರೆ ಎಎಐಬಿಯ ಅಂತಿಮ ವರದಿ ಬೊಟ್ಟು ಮಾಡಿದ್ದು ಬೇರೆ ಕಡೆಗೆ. ಹಾರಾಟದ ನಿರ್ಣಾಯಕ ಹಂತದಲ್ಲಿ ಪರಿಸ್ಥಿತಿಯ ಅರಿವು ತಪ್ಪಿ ವಿಮಾನ ಸ್ಟಾಲ್ ಆಯಿತು. ದಿಗ್ಭ್ರಮೆ ಮತ್ತು ಹವಾಮಾನ ಇದಕ್ಕೆ ದಾರಿ ಮಾಡಿದವು ಎಂಬುದು ಅದರ ಸಂಭಾವ್ಯ ಕಾರಣದ ಸಾರ. ಒಂದೇ ವಾಕ್ಯದಲ್ಲಿ ಮುಗಿಯುವ ಈ ತೀರ್ಮಾನವನ್ನು ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲೇ ಓದುಗರು "ಹಾಗಾದರೆ ಪೈಲಟ್‌ದೇ ತಪ್ಪು" ಎಂದು ಪುಸ್ತಕ ಮುಚ್ಚಿಬಿಡುತ್ತಾರೆ.

ವಿಮಾನ ಸ್ಟಾಲ್ ಆಗುವುದಕ್ಕೂ ಎಂಜಿನ್ ನಿಲ್ಲುವುದಕ್ಕೂ ಸಂಬಂಧವಿಲ್ಲ. ಎರಡೂ ಎಂಜಿನ್ ಗಟ್ಟಿಯಾಗಿ ಮೊರೆಯುತ್ತಿರುವಾಗಲೂ ಸ್ಟಾಲ್ ಆಗಬಹುದು. ರೆಕ್ಕೆಯನ್ನು ಗಾಳಿ ಸವರಿಕೊಂಡು ಹೋಗುವಾಗ ಎತ್ತುವ ಬಲ ಹುಟ್ಟುತ್ತದೆ. ಎದುರು ಬರುವ ಗಾಳಿಗೆ ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಆ ಬಲ ನಿಂತಿದೆ. ಓರೆ ಹೆಚ್ಚಾದಂತೆ ಬಲವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಸುಳಿಸುಳಿಯಾಗಿ ಕಿತ್ತುಹೋಗುತ್ತದೆ. ಆ ಕ್ಷಣ ಎತ್ತುವ ಬಲ ಕುಸಿಯುತ್ತದೆ, ವಿಮಾನವೂ ಕುಸಿಯುತ್ತದೆ. ವೇಗ ಕಡಿಮೆಯಾದಾಗ ಎತ್ತರ ಉಳಿಸಿಕೊಳ್ಳಲು ಪೈಲಟ್ ಮೂತಿಯನ್ನು ಮೇಲೆತ್ತುತ್ತಾನೆ. ಓರೆ ಹೆಚ್ಚುತ್ತದೆ, ಮಿತಿ ಹತ್ತಿರವಾಗುತ್ತದೆ.

ತಿರುವಿನಲ್ಲಿ ಅಪಾಯ ಇನ್ನೂ ಹೆಚ್ಚು. ರೆಕ್ಕೆ ವಾಲಿದಾಗ ಎತ್ತುವ ಬಲದ ಒಂದು ಪಾಲು ವಿಮಾನವನ್ನು ತಿರುಗಿಸಲು ಖರ್ಚಾಗುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಬೇಕಾದರೆ ಸ್ಟಾಲ್ ಆಗುವ ವೇಗ ಸುಮಾರು ಶೇ. 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇ. 41ರಷ್ಟು. ನೇರ ಹಾರುವಾಗ ಸುರಕ್ಷಿತವಾಗಿದ್ದ ವೇಗವೇ ತಿರುವಿನಲ್ಲಿ ಮಾರಕವಾಗಬಹುದು. ಸ್ಟಾಲ್‌ನಿಂದ ಹೊರಬರುವುದು ಪ್ರತಿ ಪೈಲಟ್ ಕಲಿಯುವ ಪಾಠ. ಮೂತಿಯನ್ನು ಕೆಳಗೆ ಮಾಡಬೇಕು, ಓರೆ ಇಳಿಸಬೇಕು, ವೇಗ ಗಳಿಸಬೇಕು. ಇದಕ್ಕೆ ಎತ್ತರ ಬೇಕು. ಕೆಳಗೆ ಘಾಟ್ಕೋಪರ್‌ನಂಥ ನಗರವಿದ್ದು, ಎತ್ತರ ಕೆಲವೇ ನೂರು ಅಡಿಗಳಿದ್ದರೆ ಪಾಠ ಗೊತ್ತಿದ್ದೂ ಉಪಯೋಗಕ್ಕೆ ಬಾರದು.

ಇನ್ನು ದಿಗ್ಭ್ರಮೆ. ಇದು ನನಗೆ ಇಡೀ ವಿಷಯದ ಹೃದಯದಂತೆ ಕಾಣುತ್ತದೆ. ನಾವು ನೆಟ್ಟಗೆ ನಿಂತಿದ್ದೇವೆಯೇ, ತಿರುಗುತ್ತಿದ್ದೇವೆಯೇ ಎಂದು ಹೇಳುವುದು ಕಣ್ಣು ಮತ್ತು ಒಳಕಿವಿ. ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ನೀರು ತುಂಬಿದ ತಂಬಿಗೆಯನ್ನು ಮೆಲ್ಲನೆ ತಿರುಗಿಸಿ ನೋಡಿ. ಮೊದಲು ತಂಬಿಗೆ ತಿರುಗುತ್ತದೆ, ನೀರು ನಿಂತಿರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಅದೇ ವೇಗಕ್ಕೆ ಬರುತ್ತದೆ. ಆಮೇಲೆ ತಂಬಿಗೆ ನಿಲ್ಲಿಸಿದರೆ ನೀರು ತಿರುಗುತ್ತಲೇ ಇರುತ್ತದೆ. ಒಳಕಿವಿಯ ದ್ರವದ್ದೂ ಇದೇ ಪಾಡು. ಒಂದೇ ಸಮನೆ ತಿರುಗುತ್ತಿರುವ ವಿಮಾನದಲ್ಲಿ ಕೆಲವು ಸೆಕೆಂಡುಗಳ ನಂತರ ದೇಹಕ್ಕೆ ನೇರ ಹೋಗುತ್ತಿರುವಂತೆ ಅನಿಸುತ್ತದೆ. ವಿಮಾನವನ್ನು ನೇರ ಮಾಡಿದಾಗ ಎದುರು ದಿಕ್ಕಿಗೆ ವಾಲಿದಂತೆ ಅನಿಸುತ್ತದೆ. ಹೊರಗೆ ದಿಗಂತ ಕಾಣುತ್ತಿದ್ದರೆ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ ಹೊಕ್ಕರೆ ತಿದ್ದುವವರು ಯಾರೂ ಇಲ್ಲ. ಮೀಟರುಗಳನ್ನು ನಂಬಬೇಕು, ದೇಹವನ್ನು ಅಲ್ಲ. ದೇಹ ಗಟ್ಟಿಯಾಗಿ ಕೂಗುತ್ತಿರುವಾಗ ಅದು ಬಹಳ ಕಷ್ಟದ ಕೆಲಸ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ಮಂದಿಯನ್ನು ಇದಕ್ಕೆಂದೇ ಪರೀಕ್ಷಿಸಿದರು. ಮೀಟರ್ ನೋಡಿ ಹಾರಿಸುವ ತರಬೇತಿ ಇಲ್ಲದವರನ್ನು ಹೊರಗೇನೂ ಕಾಣದ ಸ್ಥಿತಿಗೆ ಒಡ್ಡಿದಾಗ ನಿಯಂತ್ರಣ ಕಳೆದುಕೊಳ್ಳಲು ಅವರಿಗೆ ಹಿಡಿದ ಸರಾಸರಿ ಸಮಯ 178 ಸೆಕೆಂಡ್. ಮೂರು ನಿಮಿಷವೂ ಅಲ್ಲ. ತರಬೇತಿ ಪಡೆದ ಅನುಭವಿಗಳಿಗೂ ಇದರಿಂದ ಪೂರ್ತಿ ವಿನಾಯಿತಿ ಇಲ್ಲ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. 1978ರ ಜನವರಿ 1ರ ರಾತ್ರಿ ಮುಂಬಯಿಯ ಮುಖ್ಯ ವಿಮಾನ ನಿಲ್ದಾಣವಾದ ಸಾಂತಾಕ್ರೂಜ್‌ನಿಂದ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ಬೋಯಿಂಗ್ 747 ಎರಡು ನಿಮಿಷ ಕಳೆಯುವುದರೊಳಗೆ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿತ್ತು. 213 ಮಂದಿ ಸತ್ತರು. ಕತ್ತಲ ಕಡಲಿನ ಮೇಲೆ ದಿಗಂತ ಇರಲಿಲ್ಲ. ಬಲಕ್ಕೆ ತಿರುಗಿ ನೇರವಾದ ಮೇಲೂ ಕ್ಯಾಪ್ಟನ್ ಎದುರಿನ ಮೀಟರ್ ವಿಮಾನ ಬಲಕ್ಕೆ ವಾಲಿದೆ ಎಂದೇ ತೋರಿಸುತ್ತಿತ್ತು. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು.

ಜುಹು ಇಂಥ ಹವೆಗೆ ಹೇಳಿ ಮಾಡಿಸಿದ ನಿಲ್ದಾಣವಲ್ಲ. 1928ರಲ್ಲಿ ಶುರುವಾದ, ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣ ಅದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ಬಂದು ಇಳಿದದ್ದು ಇಲ್ಲೇ. ಆ ಅಂಚೆ ಇಲ್ಲಿಂದ ನಮ್ಮ ಬಳ್ಳಾರಿಯ ಮೂಲಕವೇ ಮದ್ರಾಸಿಗೆ ಹೋಯಿತು. ಇಂದು ಅದು ಹೆಲಿಕಾಪ್ಟರ್‌ಗಳಿಗೆ ಮತ್ತು ಸಣ್ಣ ವಿಮಾನಗಳಿಗೆ ಮೀಸಲು. ಅಲ್ಲಿ ಕಣ್ಣಿಗೆ ಕಾಣುವುದನ್ನು ನೆಚ್ಚಿ ಹಗಲಿನಲ್ಲಿ ಮಾತ್ರ ಹಾರಾಟ. ಪಕ್ಕದಲ್ಲೇ ಮುಂಬಯಿಯ ಮುಖ್ಯ ವಿಮಾನ ನಿಲ್ದಾಣದ ದಟ್ಟ ಸಂಚಾರ. 1972ರಲ್ಲಿ ಜಪಾನ್ ಏರ್‌ಲೈನ್ಸ್‌ನ ದೊಡ್ಡ ಜೆಟ್ ಒಂದು ಸಾಂತಾಕ್ರೂಜ್ ಎಂದು ಭ್ರಮಿಸಿ ಜುಹುವಿನ ಗಿಡ್ಡ ರನ್‌ವೇ ಮೇಲೆ ಇಳಿದು ಮುಂದಕ್ಕೆ ಜಾರಿತ್ತು. ಎರಡೂ ನಿಲ್ದಾಣಗಳು ಅಷ್ಟು ಹತ್ತಿರ. ಸುತ್ತ ಎಲ್ಲೆಡೆ ಮನೆಗಳು. ಮಳೆಗಾಲದ ಮೋಡ ಕೆಳಗಿಳಿದಾಗ ಕಣ್ಣನ್ನು ನೆಚ್ಚಿ ಇಳಿಯಬೇಕಾದ ಪೈಲಟ್‌ಗೆ ಮೇಲೆ ಜಾಗವಿಲ್ಲ, ಕೆಳಗೆ ಜಾಗವಿಲ್ಲ.

ಈಗ ಆ ಸಂಜೆಯ ಎರಡು ಕಥೆಗಳನ್ನು ನೋಡೋಣ. ವಿಮಾನ ಸ್ಟಾಲ್ ಆಗಿ ಬಿದ್ದಿದೆ ಎಂದ ಮೇಲೆ, ಆ ಕೊನೆಯ ಕ್ಷಣಗಳಲ್ಲಿ ಬೀಳುವ ಜಾಗವನ್ನು ಆರಿಸುವಷ್ಟು ನಿಯಂತ್ರಣ ಪೈಲಟ್‌ಗಳ ಕೈಯಲ್ಲಿತ್ತು ಎಂದು ನಂಬುವುದು ಕಷ್ಟ. ಹೀಗೆ ಹೇಳಿದರೆ ಅವರ ಗೌರವಕ್ಕೆ ಕುಂದು ಬರುವುದಿಲ್ಲ. ಸತ್ತವರನ್ನು ಗೌರವಿಸಲು ನಾವು ಅವರ ಬಗ್ಗೆ ಕಥೆ ಕಟ್ಟಬೇಕಾಗಿಲ್ಲ. ಹಾಗೆಯೇ "ಹಳೆಯ ವಿಮಾನ, ಅದಕ್ಕೇ ಬಿತ್ತು" ಎಂಬ ಮಾತೂ ನಿಲ್ಲುವುದಿಲ್ಲ. ಆದರೆ ಈ ಎರಡನ್ನೂ ಬಿಟ್ಟು "ಪೈಲಟ್‌ದೇ ತಪ್ಪು" ಎಂಬ ಮೂರನೆಯ ಕಥೆಗೆ ಹಾರಿದರೆ ನಾವು ವರದಿಯನ್ನು ಓದಿಲ್ಲ ಎಂದೇ ಅರ್ಥ.

ಏಕೆಂದರೆ ಸಂಭಾವ್ಯ ಕಾರಣದಿಂದ ಹಿಂದಕ್ಕೆ ಪ್ರಶ್ನೆಗಳ ಸಾಲು ಹೋಗುತ್ತದೆ. ಸ್ಟಾಲ್ ಆದದ್ದೇಕೆ? ಅರಿವು ತಪ್ಪಿದ್ದರಿಂದ. ಅರಿವು ತಪ್ಪಿದ್ದೇಕೆ? ಹೊರಗೇನೂ ಕಾಣದ ಹವೆಯಿಂದ. ಆ ಹವೆಯಲ್ಲಿ ಪರೀಕ್ಷಾ ಹಾರಾಟ ನಡೆಸುವುದನ್ನು ತಡೆಯುವ ನಿಯಮ ಇತ್ತೇ, ಇದ್ದರೆ ಅದನ್ನು ನೋಡಿಕೊಳ್ಳಬೇಕಾದವರು ಯಾರು? ಹಾರಾಟವನ್ನು ಮುಂದೂಡುವ ಅಧಿಕಾರ ಯಾರಿಗಿತ್ತು, ಮುಂದೂಡಿದರೆ ಯಾರಿಗೆ ನಷ್ಟ? ದುರಸ್ತಿಯಾದ ವಿಮಾನದ ಪರೀಕ್ಷೆಗೆ ಮುಂಬಯಿಯಂಥ ನಗರದ ನೆತ್ತಿಯೇ ಬೇಕೆ? ಕೊನೆಯ ಕೊಂಡಿ ಪೈಲಟ್‌ನ ಕೈಯಲ್ಲಿರುವುದರಿಂದ ನಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ, ಆದರೆ ಮುಂದಿನ ಅಪಘಾತವನ್ನು ತಪ್ಪಿಸುವ ಉತ್ತರ ಹಿಂದಿನ ಕೊಂಡಿಗಳಲ್ಲಿರುತ್ತದೆ.

ಮಂಗಳೂರಿನ ದುರಂತವನ್ನು ಮುಂಬಯಿಯ ತುಳು-ಕನ್ನಡಿಗರು ಮರೆತಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಆಗ ಇನ್ನೂ ಎಎಐಬಿ ಇರಲಿಲ್ಲ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ನ್ಯಾಯಾಲಯ ತನಿಖೆ ಮಾಡಿತು. ಕ್ಯಾಪ್ಟನ್ ನಿದ್ದೆ ಮಾಡುತ್ತಿದ್ದರು ಎಂಬ ಒಂದೇ ಮಾತು ಜನರ ಬಾಯಲ್ಲಿ ಉಳಿಯಿತು. ವರದಿ ಹೇಳಿದ್ದು ಅದಕ್ಕಿಂತ ಹೆಚ್ಚು. ದೀರ್ಘ ನಿದ್ದೆಯಿಂದ ಎದ್ದವರ ಬುದ್ಧಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ. ಸಹ ಪೈಲಟ್ ಮತ್ತೆ ಮೇಲೇರುವಂತೆ ಮೂರು ಸಲ ಹೇಳಿದ್ದರು, ಆದರೆ ತಾನೇ ನಿಯಂತ್ರಣ ತೆಗೆದುಕೊಂಡು ಮೇಲೇರಲಿಲ್ಲ. ಸಹ ಪೈಲಟ್‌ಗೆ ಆ ಅಧಿಕಾರ ಇದೆಯೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು. ಆ ದಿನ ಒಂದು ರಾಡಾರ್ ಕೆಲಸ ಮಾಡುತ್ತಿರಲಿಲ್ಲ, ಹೀಗಾಗಿ ವಿಮಾನ ಹೆಚ್ಚು ಎತ್ತರದಿಂದ ಇಳಿಯತೊಡಗಿತ್ತು. ನಿದ್ದೆಯ ಮಾತನ್ನಷ್ಟೇ ಹಿಡಿದುಕೊಂಡರೆ ರಾಡಾರ್ ದುರಸ್ತಿಯಾಗುವುದಿಲ್ಲ, ಸೂಚನೆ ಸ್ಪಷ್ಟವಾಗುವುದಿಲ್ಲ.

ಹಾಗಾದರೆ ತಪ್ಪು ಮಾಡಿದವರಿಗೆ ಶಿಕ್ಷೆಯೇ ಇಲ್ಲವೇ? ಇದೆ, ಬೇರೆ ದಾರಿಯಲ್ಲಿ. ಸಾವು ಸಂಭವಿಸಿದ ಕಾರಣಕ್ಕೆ ಪೊಲೀಸರು ಪ್ರತ್ಯೇಕ ಪ್ರಕರಣ ದಾಖಲಿಸಿಕೊಳ್ಳಬಹುದು. ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಬಹುದು, ಕಂಪನಿಯ ಪರವಾನಗಿ ತಡೆಹಿಡಿಯಬಹುದು. ಪರಿಹಾರಕ್ಕೆ ಮನೆಯವರು ನ್ಯಾಯಾಲಯಕ್ಕೆ ಹೋಗಬಹುದು. ಎಎಐಬಿ ಇದಾವುದನ್ನೂ ಮಾಡುವುದಿಲ್ಲ, ಮಾಡಬಾರದು. ತನ್ನ ಮಾತು ನಾಳೆ ತನ್ನ ವಿರುದ್ಧವೇ ಸಾಕ್ಷಿಯಾಗುತ್ತದೆ ಎಂದು ಗೊತ್ತಾದರೆ ಯಾವ ಮೆಕ್ಯಾನಿಕ್ ತಾನೆ ತಾನು ಬಿಗಿಮಾಡಲು ಮರೆತ ನಟ್ಟಿನ ಬಗ್ಗೆ ಬಾಯಿಬಿಡುತ್ತಾನೆ? ಅಮೆರಿಕದಲ್ಲಿ ತನಿಖಾ ಮಂಡಳಿಯ ವರದಿಯನ್ನು ಪರಿಹಾರದ ದಾವೆಗಳಲ್ಲಿ ಸಾಕ್ಷಿಯಾಗಿ ಬಳಸುವುದನ್ನು ಕಾನೂನೇ ನಿಷೇಧಿಸಿದೆ. ಕಾಕ್‌ಪಿಟ್ ಧ್ವನಿಮುದ್ರಣವನ್ನು ಟಿವಿಗೆ ಕೊಡದೆ ಕಾಪಾಡುವುದೂ ಇದೇ ಕಾರಣಕ್ಕೆ. ಗಂಡನ, ಮಗಳ ಕೊನೆಯ ಮಾತು ಪ್ರತಿ ಮೊಬೈಲ್‌ನಲ್ಲಿ ತಿರುಗುವುದನ್ನು ಯಾವ ಮನೆಯವರೂ ತಾಳಲಾರರು.

ಕಾಲಮಿತಿಯ ಬಗ್ಗೆಯೂ ತಿಳಿದಿರಲಿ. ಪ್ರಾಥಮಿಕ ವರದಿ 30 ದಿನಗಳಲ್ಲಿ ಬರಬೇಕು. ಅದರಲ್ಲಿ ಆ ತನಕ ಕಂಡ ಸಂಗತಿಗಳಷ್ಟೇ ಇರುತ್ತವೆ. ಅಂತಿಮ ವರದಿ ಸಾಧ್ಯವಾದರೆ 12 ತಿಂಗಳಲ್ಲಿ. ಆಗದಿದ್ದರೆ ಪ್ರತಿ ವರ್ಷ ಅದೇ ದಿನಕ್ಕೆ ಪ್ರಗತಿಯ ಹೇಳಿಕೆ ಹೊರಡಿಸಬೇಕು. ಅಂತಿಮ ವರದಿ ಎಎಐಬಿಯ ಜಾಲತಾಣದಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತದೆ. ಓದುವಾಗ ಸಂಭಾವ್ಯ ಕಾರಣದ ಎರಡು ಸಾಲಿಗೆ ನಿಲ್ಲದೆ, ಅದರ ನಂತರದ ಸುರಕ್ಷತಾ ಶಿಫಾರಸುಗಳನ್ನು ನೋಡಿ. ಎಎಐಬಿ ಶಿಫಾರಸು ಮಾಡಬಹುದಷ್ಟೇ, ಜಾರಿಗೆ ತರಬೇಕಾದುದು ಡಿಜಿಸಿಎ. ಅಪಘಾತದ ದಿನ ಮುಖಪುಟ ತುಂಬ ಬರೆಯುವ ಪತ್ರಿಕೆಗಳು, ಎರಡು ವರ್ಷ ಬಿಟ್ಟು ಬರುವ ಈ ಶಿಫಾರಸುಗಳಿಗೆ ಒಳಪುಟದಲ್ಲಿ ನಾಲ್ಕು ಸಾಲನ್ನೂ ಕೊಡುವುದಿಲ್ಲ. ನಮ್ಮ ಕನ್ನಡ ಪತ್ರಿಕೆಗಳೂ ಇದಕ್ಕೆ ಹೊರತಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಕಣ್ಣೆದುರು ಇಂಥದ್ದು ನಡೆದರೆ ಮೊದಲು ಜೀವ ಉಳಿಸುವ ಕೆಲಸ, ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ. ಗಾಯಾಳುಗಳನ್ನು ಹೊರತೆಗೆಯಲು, ಬೆಂಕಿ ಆರಿಸಲು ಅವಶೇಷವನ್ನು ಸರಿಸಬಹುದು. ಅದರ ಹೊರತು ಒಂದು ತುಣುಕನ್ನೂ ಮುಟ್ಟಬೇಡಿ, ನೆನಪಿಗೆಂದು ಎತ್ತಿಕೊಳ್ಳಬೇಡಿ. ಬಾಗಿದ ಒಂದು ಅಲಗು, ಒಂದು ಬಲ್ಬು ಎಷ್ಟು ಹೇಳಬಲ್ಲದೆಂದು ಮೇಲೆ ನೋಡಿದ್ದೀರಿ. ಮೊಬೈಲ್‌ನಲ್ಲಿ ವಿಡಿಯೋ ಸೆರೆಯಾಗಿದ್ದರೆ, ಅಂಗಡಿಯ ಸಿಸಿಟಿವಿಯಲ್ಲಿ ಮೂಡಿದ್ದರೆ, ಕತ್ತರಿಸದೆ, ಸಂಗೀತ ಹಾಕದೆ, ಮೂಲ ಕಡತವನ್ನೇ ಪೊಲೀಸರ ಮೂಲಕ ತನಿಖಾಧಿಕಾರಿಗಳಿಗೆ ಕೊಡಿ. ಸಿಸಿಟಿವಿಯ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನೂ ಗುರುತು ಹಾಕಿ ಕೊಡಿ. ಕಂಡದ್ದನ್ನು ನೆರೆಯವರ ಜೊತೆ ಮಾತಾಡುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ಮುಖವಿತ್ತು, ಮೊದಲು ಕೇಳಿದಿರೋ ಕಂಡಿರೋ, ವಿಮಾನ ಮೋಡದಿಂದ ಹೊರಬಂದದ್ದನ್ನು ನೋಡಿದಿರೋ ಅಥವಾ ಬಿದ್ದ ಮೇಲೆ ತಿರುಗಿದಿರೋ.